ನೀರು ನೋಡುವ ನಂಜಯ್ಯನವರು

ನಂಜಯ್ಯನವರು ಟ್ಯೂಬ್‌ಲೈಟಿನ ಬೆಳಕನ್ನು ನಂಬುತ್ತಿರಲಿಲ್ಲ. ಗಾಜಿನ ಸಣ್ಣ ನಳಿಕೆಯಲ್ಲಿ ಅಕ್ವೇರಿಯಂನ ನೀರು ತುಂಬಿಕೊಂಡು, ಪುಟ್ಟ ಸೀಸೆಯಿಂದ ಹನಿಗಳನ್ನು ಬಾಯಲ್ಲಿ ಎಣಿಸುತ್ತಾ ಬಿಟ್ಟು, ಮುಚ್ಚಳ ಹಾಕಿ ಅಲುಗಾಡಿಸಿ, ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಸೀದಾ ನನ್ನ ಕ್ಲಿನಿಕ್ಕಿನ ಪೂರ್ವದ ಕಿಟಕಿಗೆ ಹೋಗುತ್ತಿದ್ದರು. ಕಾಯುತ್ತಾ ಕೂತ ರೋಗಿಗಳು ಕಾಲು ಎಳೆದುಕೊಂಡು ಅವರಿಗೆ ದಾರಿ ಬಿಡಬೇಕಾಗಿತ್ತು. ಕಿಟಕಿಯ ಬಳಿ ನಿಂತು ಎಡಗಣ್ಣು ಮುಚ್ಚಿ, ನಳಿಕೆಯ ಪಕ್ಕಕ್ಕೆ ಬಣ್ಣದ ಕಾರ್ಡು ಹಿಡಿದು, ಹಗಲಿನ ಬೆಳಕಿನಲ್ಲಿ ನೋಡಿ ಅಂಕಿ ಹೇಳುವರು. ಮೋಡ ಕವಿದ ದಿನ ಪರೀಕ್ಷೆಯನ್ನೇ ಶುರು ಮಾಡುತ್ತಿರಲಿಲ್ಲ. "ಇವತ್ತು ಬೆಳಕು ಸರಿಯಿಲ್ಲ ಡಾಕ್ಟ್ರಮ್ಮ, ನಾಳೆ ಬತ್ತೀನಿ" ಎಂದು ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದರು.

ನಾನು ಹಲ್ಲಿನ ಡಾಕ್ಟರು. ಮೈಸೂರಿನ ಬನ್ನಿಮಂಟಪದಲ್ಲಿ ನನ್ನ ಕ್ಲಿನಿಕ್ಕು. ಒಳಗೆ ಡ್ರಿಲ್ಲಿನ ಸದ್ದು ಕೇಳಿಸಿದ ಕೂಡಲೇ ಹೊರಗೆ ಕೂತವರಲ್ಲಿ ಒಬ್ಬಿಬ್ಬರು ಫೋನ್ ಬಂದವರ ಹಾಗೆ ಎದ್ದು ಹೋಗುತ್ತಿದ್ದರು, ಮತ್ತೆ ಬರುತ್ತಿರಲಿಲ್ಲ. ಅವರ ಕಣ್ಣಿಗೆ ಬೇರೆ ಏನಾದರೂ ಕೆಲಸ ಕೊಡಬೇಕೆಂದು ಒಂದು ಅಕ್ವೇರಿಯಂ ಇಡಿಸಲು ತೀರ್ಮಾನಿಸಿದೆ. ಲಷ್ಕರ್ ಮೊಹಲ್ಲಾದಲ್ಲಿ ಮೀನಿನ ಅಂಗಡಿ ಇಟ್ಟಿರುವ ಇಲಿಯಾಸ್ ಅವರು, ಇಡುವುದಾದರೆ ಸಮುದ್ರದ್ದೇ ಇಡಿ, ಹವಳ ಬೆಳೆಸಬಹುದು ಎಂದು ಆಸೆ ಹುಟ್ಟಿಸಿದರು. ನಾಲ್ಕಡಿಯ ಟ್ಯಾಂಕು ಬಂತು. ಶುದ್ಧ ಮಾಡಿದ ನೀರಿಗೆ ಮೂಟೆಯ ಉಪ್ಪು ಬೆರೆಸಿ, ತೂತು ತೂತಾದ ಬಂಡೆಗಳನ್ನು ಜೋಡಿಸಿ, ನೀಲಿ ದೀಪ ಹಚ್ಚಿ, ಕೊನೆಗೆ ಇಲಿಯಾಸ್ ಹೇಳಿದರು: "ಮೀನು ನಾನು ಕೊಡ್ತೀನಿ ಮೇಡಂ. ಆದ್ರೆ ಯಾವಾಗ ಅಂತ ನಂಜಯ್ಯ ಸರ್ ಹೇಳ್ಬೇಕು."

ಮರುದಿನ ಬಂದವರು ಅರವತ್ತೈದು ದಾಟಿದ, ತೆಳ್ಳಗಿನ, ತುಂಬುತೋಳಿನ ಇಸ್ತ್ರಿ ಶರಟಿನ ಮನುಷ್ಯ. ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಬಾಯ್ಲರಿಗೆ ಹೋಗುವ ನೀರನ್ನು ಪರೀಕ್ಷೆ ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ನಂಜನಗೂಡಿನ ಕಡೆಯ ಒಂದು ಹಳ್ಳಿಯಿಂದ ಎಸ್ಸೆಸ್ಸೆಲ್ಸಿ ಮುಗಿಸಿ ಬಂದು ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯಲು ಸೇರಿ, ತೊಳೆಯುತ್ತಲೇ ಕಲಿತವರು. ಮೀನಿನ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದು ಹೇಳಿಕೊಳ್ಳಲು ಸಂಕೋಚವೂ ಇರಲಿಲ್ಲ. "ಮೀನು ಇಲಿಯಾಸ್ ಸಾಬ್ರದ್ದು. ನನ್ನ ಡಿಪಾರ್ಟ್‌ಮೆಂಟು ನೀರು" ಎನ್ನುತ್ತಿದ್ದರು.

ನಳಿಕೆಯನ್ನು ಯಾವ ನೀರು ನೋಡಬೇಕೋ ಅದೇ ನೀರಿನಲ್ಲಿ ಮೂರು ಸಲ ತೊಳೆಯಬೇಕು, ನಲ್ಲಿಯ ನೀರಿನಲ್ಲಿ ಅಲ್ಲ. ಸೀಸೆಯನ್ನು ವಾರೆಯಾಗಿ ಹಿಡಿದರೆ ಹನಿ ದೊಡ್ಡದಾಗುತ್ತದೆ, ನೆಟ್ಟಗೆ ಹಿಡಿಯಬೇಕು. ಐದು ನಿಮಿಷ ಎಂದಿದ್ದರೆ ಐದೇ ನಿಮಿಷ. ಇದನ್ನೆಲ್ಲ ಅವರು ನನಗೆ ಹೇಳಿಕೊಟ್ಟ ರೀತಿಯಲ್ಲಿ ಯಾವ ಉತ್ಸಾಹವೂ ಇರಲಿಲ್ಲ. ಬಸ್ಸು ಎಲ್ಲಿ ನಿಲ್ಲುತ್ತದೆಂದು ದಾರಿಹೋಕರಿಗೆ ಹೇಳುವ ಹಾಗೆ ಹೇಳುತ್ತಿದ್ದರು.

ಹೊಸ ಟ್ಯಾಂಕಿನ ನೀರು ಹದಕ್ಕೆ ಬರಲು ವಾರಗಟ್ಟಲೆ ಬೇಕು. ಮೊದಲು ಅಮೋನಿಯಾ ಏರುತ್ತದೆ. ಅದನ್ನು ತಿನ್ನುವ ಕಣ್ಣಿಗೆ ಕಾಣದ ಜೀವಿಗಳು ಬಂಡೆಯಲ್ಲಿ ಹುಟ್ಟಿಕೊಂಡ ಮೇಲೆ ಅದು ಇಳಿದು ನೈಟ್ರೈಟ್ ಏರುತ್ತದೆ. ಅದೂ ಇಳಿದು ಕೊನೆಗೆ ನೈಟ್ರೇಟ್ ಉಳಿಯುತ್ತದೆ. ಅಲ್ಲಿಯವರೆಗೆ ಟ್ಯಾಂಕಿನಲ್ಲಿ ಬಂಡೆ ಮತ್ತು ನೀಲಿ ಬೆಳಕು ಮಾತ್ರ. ರೋಗಿಗಳು ಖಾಲಿ ಟ್ಯಾಂಕನ್ನು ನೋಡಿ, "ಮೀನು ಸತ್ತೋದ್ವಾ?" ಎಂದು ಕೇಳತೊಡಗಿದರು. ನಾಲ್ಕನೆಯ ವಾರ ನನಗೆ ತಡೆಯಲಾಗಲಿಲ್ಲ.

"ನೀರು ಇಷ್ಟು ತಿಳಿಯಾಗಿದೆಯಲ್ಲ ನಂಜಯ್ಯನವರೇ?"

"ತಿಳಿ ಇರೋದು ನಮ್ಮ ಕಣ್ಣಿಗೆ ಕಣಮ್ಮ. ಮೀನು ಕಿವಿರಲ್ಲಿ ಉಸಿರಾಡೋದು. ನಳಿಕೆ ನೋಡಿ, ಇನ್ನೂ ಹಸಿರು ಐತೆ. ಪೂರ್ತಿ ಹಳದಿ ಆಗ್ಬೇಕು."

ನನ್ನ ಕಣ್ಣಿಗೆ ಅದು ಹಳದಿಯೇ. ಆ ಶನಿವಾರ ಇಲಿಯಾಸ್ ಅವರಿಗೂ ಹೇಳದೆ ಬೇರೆ ಅಂಗಡಿಯಿಂದ ಕಿತ್ತಳೆ ಬಣ್ಣದ, ಬಿಳಿ ಪಟ್ಟೆಯ ಎರಡು ಮೀನು ತಂದು ಬಿಟ್ಟೆ. ಸೋಮವಾರ ನಂಜಯ್ಯನವರು ಬಂದರು. ಮೀನು ನೋಡಿದರು, ನೀರು ಪರೀಕ್ಷಿಸಿದರು, ಆಟೋ ಹತ್ತಿ ಹೋದರು. ಮುಕ್ಕಾಲು ಗಂಟೆಯ ನಂತರ ಇಲಿಯಾಸ್ ಅವರ ಅಂಗಡಿಯಿಂದ ಹದವಾದ ಉಪ್ಪುನೀರನ್ನು ಬಕೆಟ್ಟಿನಲ್ಲಿ ತಂದು, ಮೇಲೆ ತೇಲುತ್ತಾ ಬಾಯಿ ಬಡಿಯುತ್ತಿದ್ದ ಎರಡನ್ನೂ ಹಿಡಿದು ಅದರಲ್ಲಿ ಹಾಕಿಕೊಂಡು ಹೋದರು. ಸಂಜೆ ಫೋನು ಮಾಡಿದರು. "ಒಂದು ಹೋಯ್ತು ಡಾಕ್ಟ್ರಮ್ಮ. ಒಂದು ಉಳ್ಕೊಳುತ್ತೆ." ಅಷ್ಟೇ. ಬೈಯುವರೇನೋ ಎಂದು ಕಾದೆ. ಫೋನಿಟ್ಟಿದ್ದರು.

ಬೇಸಿಗೆಯಲ್ಲಿ ಇನ್ನೊಂದು ತಪ್ಪು ಮಾಡಿದೆ. ಬಿಸಿಲಿಗೆ ಟ್ಯಾಂಕಿನ ನೀರು ದಿನಕ್ಕೆ ಎರಡು ಬೆರಳು ಇಳಿಯುತ್ತಿತ್ತು. ಉಪ್ಪುನೀರು ಕಡಿಮೆಯಾಗಿದೆಯೆಂದು ಉಪ್ಪುನೀರನ್ನೇ ಬೆರೆಸಿ ತುಂಬಿಸಿದೆ. ನಂಜಯ್ಯನವರು ಉಪ್ಪು ಅಳೆದು ನೋಡಿ ತಲೆಯಾಡಿಸಿದರು. "ಹಾರಿಹೋಗೋದು ನೀರು ಕಣಮ್ಮ. ಉಪ್ಪು ಎಲ್ಲೂ ಹೋಗಲ್ಲ, ಇಲ್ಲೇ ಕೂತಿರುತ್ತೆ. ಬಾಯ್ಲರ್‌ನಾಗೂ ಇದೇ ಕತೆ. ಕುದಿಸಿದಷ್ಟೂ ಉಳಿದಿದ್ದು ಗಟ್ಟಿ. ಸಪ್ಪೆ ನೀರು ಹಾಕಿ."

ಮಳೆಗಾಲದ ಹೊತ್ತಿಗೆ ನೀರು ಹದಕ್ಕೆ ಬಂದು ನಿಂತಿತು. ಉಳಿದ ಮೀನಿನ ಜೊತೆಗೆ ಇನ್ನೆರಡು ಬಂದವು. ಬಂಡೆಯ ಮೇಲೆ ಐದು ಪುಟ್ಟ ಹವಳದ ತುಂಡುಗಳನ್ನು ಅಂಟಿಸಿದೆವು. ಹವಳ ಬಂದ ಮೇಲೆ ಹೊಸ ಪರೀಕ್ಷೆ ಶುರುವಾಯಿತು. ನೀರಿನ ಕ್ಷಾರ ಎಷ್ಟೆಂದು ವಾರವಾರ ನೋಡಬೇಕು. ಹವಳ ತನ್ನ ಎಲುಬು ಕಟ್ಟಿಕೊಳ್ಳುವುದು ಅದರಿಂದಲೇ. ನಳಿಕೆಯ ನೀರಿಗೆ ಒಂದೊಂದೇ ಹನಿ ಬಿಡುತ್ತಾ ಹೋದರೆ ಮೊದಲು ನೀಲಿಯಾಗಿ, ಒಂದು ಹನಿಗೆ ತಟ್ಟನೆ ಹಳದಿಗೆ ತಿರುಗುತ್ತದೆ. ಎಷ್ಟನೆಯ ಹನಿಗೆ ತಿರುಗಿತೋ ಅದೇ ಲೆಕ್ಕ. ಎಂಟೋ ಒಂಬತ್ತೋ ಬಂದರೆ ಸರಿ. ನಂಜಯ್ಯನವರಿಗೆ ಆರಕ್ಕೇ ತಿರುಗುತ್ತಿತ್ತು. ಕಡಿಮೆಯಾಗಿದೆ ಎಂದು ಕ್ಷಾರ ಏರಿಸುವ ಪುಡಿ ಹಾಕಿಸುತ್ತಿದ್ದರು. ಮುಂದಿನ ವಾರ ಮತ್ತೆ ಆರು, ಮತ್ತೆ ಪುಡಿ.

ಒಂದು ದಿನ ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಆರನೆಯ ಹನಿ ಬಿದ್ದ ಮೇಲೆ ಅವರು "ಹಳದಿ ಆಯ್ತು" ಎಂದರು. ನನಗೆ ಕಂಡದ್ದು ನೀಲಿ. ಸಂದೇಹವೇ ಇಲ್ಲದ ನೀಲಿ. ಅವರ ಬಲಗಣ್ಣನ್ನು ಆಗ ಸರಿಯಾಗಿ ನೋಡಿದೆ. ಪಾಪೆಯ ನಡುವೆ ಕಂದುಬಣ್ಣದ ಮಬ್ಬು ಕೂತಿತ್ತು. ಪೊರೆ. ಅದರ ಮೂಲಕ ಅವರಿಗೆ ಲೋಕವೆಲ್ಲ ಸ್ವಲ್ಪ ಹಳದಿಯಾಗಿಯೇ ಕಾಣುತ್ತಿದ್ದಿರಬೇಕು.

ನಾನು ಸುಮ್ಮನಿದ್ದೆ. ವಯಸ್ಸಾದವರು, ಕಣ್ಣನ್ನೇ ನಂಬಿ ಬದುಕಿದವರು, ಹೇಗೆ ಹೇಳುವುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೂರು ವಾರ ಅವರು ಹೇಳಿದ ಪುಡಿಯನ್ನು ಅರ್ಧ ಹಾಕಿ, ಪೂರ್ತಿ ಹಾಕಿದೆ ಎಂದೆ. ಅಷ್ಟರಲ್ಲಿ ಕ್ಷಾರ ಮಿತಿಮೀರಿ ಹವಳದ ತುದಿಗಳು ಸುಟ್ಟಂತೆ ಬೆಳ್ಳಗಾಗಿ ಎರಡು ತುಂಡು ಸತ್ತವು.

ಒಂದು ಬೆಳಿಗ್ಗೆ ಕ್ಲಿನಿಕ್ ತುಂಬ ಜನ ಇದ್ದಾಗ ನಂಜಯ್ಯನವರು ಬಂದರು. ಅಂಗಡಿಯಲ್ಲಿ ಇಲಿಯಾಸ್ ಅವರ ಎದುರಿಗೆ ಹನಿ ಹಾಕುತ್ತಿದ್ದಾಗ, "ಇನ್ನೂ ನೀಲಿ ಇದೆಯಲ್ಲ ಸರ್" ಎಂದು ಇಲಿಯಾಸ್ ಯಾವ ಯೋಚನೆಯೂ ಇಲ್ಲದೆ ಹೇಳಿಬಿಟ್ಟರಂತೆ. ಅಲ್ಲಿಂದ ನೇರ ಬಂದಿದ್ದರು. ಅಷ್ಟೂ ಜನರ ಮುಂದೆ ನಿಂತು ಹೇಳಿದರು: "ಡಾಕ್ಟ್ರಮ್ಮ, ನಿಮ್ಮ ಹವಳ ಹೋಗಿದ್ದು ನನ್ನಿಂದ. ನನ್ ಕಣ್ಣು ಕೆಟ್ಟದೆ. ಎರಡು ತಿಂಗಳಿಂದ ತಪ್ಪು ಲೆಕ್ಕ ಹೇಳಿದೀನಿ. ಇನ್ನೂ ನಾಕು ಮನೆ ಟ್ಯಾಂಕು ನೋಡ್ತೀನಿ, ಅವರಿಗೂ ಹೇಳಿ ಬರಬೇಕು."

ಅವರನ್ನು ಒಳಗೆ ಕರೆದು ಕೂರಿಸಿದೆ. ಸಮಾಧಾನವಾಗಲೆಂದು, "ಹೋಗಲಿ ಬಿಡಿ, ನನಗೂ ಅನುಮಾನ ಇತ್ತು" ಎಂದುಬಿಟ್ಟೆ.

ಅವರು ತಲೆಯೆತ್ತಿದರು. "ಗೊತ್ತಿತ್ತಾ?"

"ನೀವು ಹಿರಿಯರು. ಹೇಗೆ ಹೇಳೋದು ಅಂತ..."

"ಗೊತ್ತಿದ್ದೂ ಸುಮ್ಕಿದ್ರಾ?" ಅವರ ಸ್ವರ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ನೀರ್ ಮುಂದೆ ಹಿರೀಕರು ಯಾರಮ್ಮ? ಫ್ಯಾಕ್ಟರೀಲಿ ಒಂದಿನ ಸೂಪರ್‌ವೈಸರು ಬಂದು, ನೀರು ಗಡಸಾಗಿದ್ರೂ ಪರವಾಗಿಲ್ಲ, ಸರಿ ಐತೆ ಅಂತ ಬರಿ, ಬಾಯ್ಲರ್ ನಿಲ್ಸಕಾಗಲ್ಲ ಅಂದ. ನಾನು ಕಂಡಿದ್ದೇ ಬರೀತೀನಿ ಅಂದೆ. ಕೊಳಚೆ ನೀರಿನ ಕಡೆ ಹಾಕ್ಬುಟ್ರು. ನಾಕು ವರ್ಷ ಆ ವಾಸನೇಲಿ ಕೂತಿದೀನಿ. ನಿಮಗೇನಾಗ್ತಿತ್ತು? ಒಂದು ಮಾತು. 'ನಂಜಯ್ಯ, ಅದು ನೀಲಿ' ಅಂತ ಒಂದು ಮಾತು."

ಅವರು ಚೀಲದಿಂದ ಸೀಸೆಗಳನ್ನೆಲ್ಲ ತೆಗೆದು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು. "ಇನ್ಮೇಲೆ ನೀವೇ ನೋಡ್ಕೊಳಿ. ನಿಮ್ಮ ಕಣ್ಣು ಚೆನ್ನಾಗದೆ" ಎಂದು ಎದ್ದು ಹೋದರು.

ಸುಮಾರು ಎರಡು ತಿಂಗಳು ಅವರು ಬರಲಿಲ್ಲ. ಪೊರೆಯ ಆಪರೇಷನ್ನಿಗೆ ಹೆಸರು ಬರೆಸಿದ್ದಾರೆಂದು ಇಲಿಯಾಸ್ ಹೇಳಿದರು. ನಾನು ಭಾನುವಾರ ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗಿ ಅವರು ಹೇಳಿಕೊಟ್ಟಂತೆ ನಳಿಕೆಯನ್ನು ಮೂರು ಸಲ ತೊಳೆದು, ಕಿಟಕಿಯ ಬಳಿ ನಿಂತು ನೋಡುತ್ತಿದ್ದೆ. ಅಂಥ ಒಂದು ಭಾನುವಾರ ಬಾಗಿಲಲ್ಲಿ ನಂಜಯ್ಯನವರು ನಿಂತಿದ್ದರು. ಕೈಯಲ್ಲಿ ನೀರಿನ ಎರಡು ಪ್ಲಾಸ್ಟಿಕ್ ಬಾಟಲಿಗಳು. ಒಂದರ ಮೇಲೆ ಪೆನ್ನಿನಿಂದ ಒಂದು ಎಂದು ಬರೆದಿತ್ತು, ಇನ್ನೊಂದರ ಮೇಲೆ ಎರಡು.

"ನೈಟ್ರೇಟ್ ನೋಡ್ಬೇಕಿತ್ತು. ನಾನು ಹನಿ ಹಾಕ್ತೀನಿ, ಬಣ್ಣ ನೀವು ಹೇಳಿ."

"ಎಲ್ಲಿಯ ನೀರು ಇದು?"

"ಅದನ್ನ ಆಮ್ಯಾಕೆ ಹೇಳ್ತೀನಿ. ಈಗ್ಲೇ ಹೇಳಿದ್ರೆ ನಿಮ್ಮ ಕಣ್ಣು ನೋಡಕ್ಕೆ ಮುಂಚೆ ತೀರ್ಮಾನ ಮಾಡ್ಬುಡುತ್ತೆ."

ಎರಡು ನಳಿಕೆ, ಎರಡು ಸೀಸೆ, ಐದು ನಿಮಿಷ. ಅವರು ಕಿಟಕಿಗೆ ಬೆನ್ನು ಹಾಕಿ ನಿಂತರು. ಮೊದಲನೆಯದು ತಿಳಿ ಹಳದಿ. ಎರಡನೆಯದು ಕೆಂಪು. ಕಾರ್ಡಿನಲ್ಲಿ ಕೊನೆಗಿರುವ ಕೆಂಪಿಗಿಂತಲೂ ಗಾಢವಾದ ಕೆಂಪು. ಹೇಳಿದೆ. "ಇನ್ನೊಂದ್ ಸಲ" ಎಂದರು. ಮತ್ತೆ ಮಾಡಿದೆವು, ಅದೇ ಬಂತು. ಮೂರನೆಯ ಸಲ ಎರಡು ನಳಿಕೆಗಳನ್ನೂ ನನಗೆ ತಿಳಿಯದಂತೆ ಅದಲು ಬದಲು ಮಾಡಿ ಕೊಟ್ಟರು. ಕೆಂಪು ಯಾವುದೆಂದು ತೋರಿಸಿದೆ.

ಆಗ ಕುರ್ಚಿಯಲ್ಲಿ ಕೂತು ಹೇಳಿದರು. "ಒಂದನೇದು ನಮ್ಮೂರಿನ ದೊಡ್ಡ ಟ್ಯಾಂಕಿಂದು. ಎರಡನೇದು ನಮ್ಮ ಕೇರಿ ಬೋರಿಂದು. ಊರಿಗೊಂದು ಪೈಪು, ನಮಗೊಂದು ಪೈಪು. ನಮ್ಮ ಬೋರಿನ ಪಕ್ಕದಲ್ಲೇ ಕಕ್ಕಸು ಗುಂಡಿ ಸಾಲು. ನನ್ ತಮ್ಮನ ಮೊಮ್ಮಗಳಿಗೆ ಎರಡು ತಿಂಗಳು. ತಾಯಿಗೆ ಹಾಲಿಲ್ಲ, ಡಬ್ಬಿ ಪುಡಿ ಕಲಸಿ ಕೊಡ್ತಾವ್ರೆ. ಮಗೀ ತುಟಿ ಒಂಥರಾ ಕಪ್ಪಗೆ ಕಾಣುತ್ತೆ. ಎಲ್ರೂ ಚಳಿಗೆ ಅಂತಾರೆ. ನನಗೆ ಕಾಣ್ತಿರೋದು ದಿಟವೋ, ನನ್ ಕಣ್ಣಿಂದೋ ಗೊತ್ತಾಗ್ಲಿಲ್ಲ."

ನೈಟ್ರೇಟ್ ಹೆಚ್ಚಿರುವ ನೀರು ಎಳೆಗೂಸಿನ ರಕ್ತವನ್ನು ಏನು ಮಾಡುತ್ತದೆಂದು ನಾನು ಓದಿದ್ದೆ. ರಕ್ತಕ್ಕೆ ಉಸಿರು ಹೊರುವ ಶಕ್ತಿ ಕುಂದುತ್ತದೆ, ತುಟಿ ಉಗುರು ನೀಲಿಗಟ್ಟುತ್ತವೆ. "ಈಗಲೇ ಫೋನ್ ಮಾಡಿ. ಆ ನೀರು ನಿಲ್ಲಿಸಿ ಮಗುವನ್ನ ಮೈಸೂರಿಗೆ ಕರ್ಕೊಂಡು ಬರಲಿ" ಎಂದೆ. ಅಲ್ಲಿಂದಲೇ ಮಾಡಿದರು. ಆಚೆಯಿಂದ ತಮ್ಮ, ನೀರನ್ನು ಕಾಯಿಸಿಯೇ ಕೊಡುತ್ತಿದ್ದೇವೆ ಎಂದದ್ದು ನನಗೂ ಕೇಳಿಸಿತು.

ನಂಜಯ್ಯನವರು ಕುರ್ಚಿಯಿಂದ ಎದ್ದೇಬಿಟ್ಟರು. "ಕಾಯಿಸ್ಬ್ಯಾಡ ಕಣ್ಲಾ. ಕಾಯಿಸಿದಷ್ಟೂ ಇಸ ಗಟ್ಟಿ ಆಯ್ತದೆ. ಹೋಗೋದು ನೀರು, ಅದು ಅಲ್ಲೇ ಕೂತಿರ್ತದೆ. ಆಟೋ ಯಾವ್ದಾರ ಇಡ್ಕೊಂಡು ಈಗ್ಲೇ ವೊಂಟ್ಬುಡು. ನಾನು ದೊಡ್ಡಾಸ್ಪತ್ರೆ ಗೇಟ್‌ತಾವ ನಿಂತಿರ್ತೀನಿ."

ಮಗುವನ್ನು ಆಸ್ಪತ್ರೆಯಲ್ಲಿ ಮೂರು ದಿನ ಇಟ್ಟುಕೊಂಡರು. ಇನ್ನು ಕೆಲವು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ಅಲ್ಲಿನ ಡಾಕ್ಟರು ನನಗೆ ಹೇಳಿದರು. ಮಗು ಉಳಿಯಿತು.

ಅದಾದ ಮೇಲೆ ನಡೆದದ್ದು ನಿಧಾನದ ಕೆಲಸ. ಮೀನಿನ ಟ್ಯಾಂಕಿಗೆಂದು ಇದ್ದ ಸೀಸೆಯ ಔಷಧದಲ್ಲಿ ನೋಡಿದ ಲೆಕ್ಕವನ್ನು ಪಂಚಾಯಿತಿಯವರು ಒಪ್ಪಲಿಲ್ಲ. ಒಪ್ಪಬಾರದು, ಅವರು ಹೇಳೋದು ಸರಿ ಎಂದೇ ನಂಜಯ್ಯನವರು ವಾದಿಸಿದರು. "ಸರ್ಕಾರಿ ಲ್ಯಾಬಿಗೆ ಕಳಿಸಿ, ಅದು ಏನು ಹೇಳುತ್ತೋ ನೋಡಾವ" ಎಂದು ದಿನವೂ ಹೋಗಿ ಕಚೇರಿಯ ಬೆಂಚಿನ ಮೇಲೆ ಕೂತರು. ಅಲ್ಲಿ ಅವರು ಕೂಗಾಡಲಿಲ್ಲ, ಯಾರನ್ನೂ ಬೈಯಲಿಲ್ಲ, ಎದ್ದೂ ಹೋಗಲಿಲ್ಲ ಎಂದು ಆಮೇಲೆ ಅವರ ತಮ್ಮ ನನಗೆ ಹೇಳಿದರು. ಕೊನೆಗೆ ನೀರು ಲ್ಯಾಬಿಗೆ ಹೋಯಿತು. ವರದಿ ಬಂತು. ಬೋರು ಮುಚ್ಚಿಸಿದರು. ಊರಿನ ದೊಡ್ಡ ಟ್ಯಾಂಕಿನಿಂದ ಕೇರಿಗೆ ಪೈಪು ಬರಲು ಇನ್ನೂ ಹಲವು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಟ್ಯಾಂಕರು.

ಆಪರೇಷನ್ ಆದ ಮೇಲೆ ಒಮ್ಮೆ ಕ್ಲಿನಿಕ್ಕಿಗೆ ಬಂದಿದ್ದರು. ಅದೇ ಅವರನ್ನು ನಾನು ಕಡೆಯ ಸಲ ನೋಡಿದ್ದು. ಕಪ್ಪು ಕನ್ನಡಕ ತೆಗೆದು, "ಬಿಳಿ ಗೋಡೆ ಇಷ್ಟು ಬೆಳ್ಳಗದೆ ಅಂತಲೇ ಮರೆತೋಗಿತ್ತು" ಎಂದರು. ಚೆನ್ನಾಗಾಯಿತಲ್ಲ ಎಂದೆ. ಅವರ ಮುಖದಲ್ಲಿ ಸಂತೋಷವಿರಲಿಲ್ಲ. "ಪೊರೆ ಒಂದೇ ದಿನಕ್ಕೆ ಬರಲ್ವಂತೆ, ವರ್ಷಗಟ್ಟಲೆ ಕಟ್ಟುತ್ತಂತೆ. ಅಂಗಾದ್ರೆ ಫ್ಯಾಕ್ಟರೀಲಿ ಕಡೇ ಎರಡು ವರ್ಷ ನಾನು ನೋಡಿದ್ದೆಲ್ಲ ಎಂಗಿತ್ತೋ" ಎಂದರು. ಆಮೇಲೆ ಎದ್ದು, ಬೇರೆ ಊರುಗಳ ಕೇರಿಯವರೂ ನೀರು ನೋಡಲು ಕರೆಯುತ್ತಿದ್ದಾರೆಂದೂ, ಬನ್ನಿಮಂಟಪದ ಬಾಡಿಗೆ ಮನೆ ಬಿಟ್ಟು ಹೆಂಡತಿಯೊಂದಿಗೆ ಊರಿಗೇ ಹೋಗುತ್ತಿದ್ದೇನೆಂದೂ ಹೇಳಿದರು. ಅವರು ಬಿಟ್ಟುಹೋಗಿದ್ದ ಸೀಸೆಗಳ ಜೊತೆ ನೈಟ್ರೇಟ್ ನೋಡುವ ಹೊಸದೊಂದು ಡಬ್ಬಿಯನ್ನೂ ಚೀಲಕ್ಕೆ ಹಾಕಿ ಕೊಟ್ಟೆ. ಹವಳ ಹೇಗಿದೆ ಎಂದು ಕೇಳಿದರು. ಮೂರೂ ಚಿಗುರಿವೆ, ಕ್ಷಾರ ಎಂಟೂವರೆ ಎಂದೆ. "ನಿಮ್ಮ ಕಣ್ಣಲ್ಲಿ ನೋಡಿದ್ದಾ?" ಎಂದರು. ಹೌದು ಎಂದೆ. "ಸರಿ ಬುಡಿ."

ಹೋದ ಆಷಾಢದಲ್ಲಿ ಇಲಿಯಾಸ್ ಫೋನು ಮಾಡಿದರು. ನಂಜಯ್ಯನವರು ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದಾಗ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ನಾವಿಬ್ಬರೂ ನನ್ನ ಕಾರಿನಲ್ಲಿ ಹೋಗುವಷ್ಟರಲ್ಲಿ ಮಣ್ಣಾಗಿತ್ತು.

ನಾನು ಹಳ್ಳಿಗಳಿಗೆ ಹಲ್ಲಿನ ಕ್ಯಾಂಪಿಗೆಂದು ಹೋಗಿದ್ದೇನೆ, ಆದರೆ ಅದುವರೆಗೆ ಯಾವ ಕೇರಿಯೊಳಕ್ಕೂ ಕಾಲಿಟ್ಟವಳಲ್ಲ. ಕ್ಯಾಂಪು ಯಾವಾಗಲೂ ಊರ ಶಾಲೆಯಲ್ಲಿ ಇರುತ್ತಿತ್ತು. ಅವರ ಮನೆ ಎರಡು ಕೋಣೆಯದು, ಒಳಗೆ ಬುದ್ಧನ ಪಟ. ಗೋಡೆಗೆ ಒರಗಿ ನಂಜಯ್ಯನವರ ಹೆಂಡತಿ ರತ್ನಮ್ಮ ಕೂತಿದ್ದರು. ನಾನು ಯಾರೆಂದು ಇಲಿಯಾಸ್ ಹೇಳಿದ ಮೇಲೆ ಎದ್ದು ಒಳಗೆ ಹೋಗಿ ಎರಡು ಲೋಟ ನೀರು ತಂದರು. ಲೋಟ ಕೊಟ್ಟ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳದೆ ನನ್ನ ಮುಖವನ್ನೇ ನೋಡಿದರು.

"ಕುಡೀರಿ ಡಾಕ್ಟ್ರಮ್ಮ" ಎಂದರು. "ಮೊನ್ನೆ ಸೋಮವಾರ ನೋಡವ್ರೆ. ಚೆನ್ನಾಗದೆ ಅಂದ್ರು."

ನಾನು ಕುಡಿದೆ. ಇಲಿಯಾಸ್ ಕುಡಿದು, ಇನ್ನೊಂದು ಲೋಟ ಕೇಳಿದರು.